ಟೈಲರ್ ಮಾಮನ ಬಲಗೈ

ಆ ಹುಡುಗಿಗೆ ನಾಜೂಕಿ ಎಂದು ಅಡ್ಡಹೆಸರಿಟ್ಟವರು ಯಾರೋ ಗೊತ್ತಿಲ್ಲ, ಇಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು. ಒಂಬತ್ತನೇ ತರಗತಿಯಲ್ಲಿ ಅವಳಷ್ಟು ನಾಜೂಕಿನ ಕೈ ಇನ್ನೊಬ್ಬರಿಗಿರಲಿಲ್ಲ, ಅವಳಷ್ಟು ಕಾಟ ಕೊಡುವವರೂ ಇನ್ನೊಬ್ಬರಿರಲಿಲ್ಲ. ಒಂದು ಗೆರೆ ಎಳೆದರೆ ಅಳಿಸಬೇಕು, ಅಳಿಸಿದರೆ ಮತ್ತೆ ಎಳೆಯಬೇಕು, ಕಾಗದ ತೂತು ಬೀಳುವ ತನಕ ಅವಳಿಗೆ ಸಮಾಧಾನವಿಲ್ಲ. ಪಕ್ಕದಲ್ಲಿ ಕೂತವರು ಬೆಂಚು ಅಲ್ಲಾಡಿಸಿದರೋ, ಅವರ ಕಥೆ ಮುಗಿಯಿತು. ಆದರೂ ಶಾಲೆಗೆ ಯಾರಾದರೂ ದೊಡ್ಡವರು ಬಂದರೆ ತೋರಿಸುತ್ತಿದ್ದದ್ದು ಅವಳ ಚಿತ್ರಗಳನ್ನೇ. ಹೊಗಳಿಕೆ ಕೇಳಿ ಕೇಳಿ ಅವಳಿಗೂ ಅದು ಊಟ ತಿಂಡಿಯಷ್ಟೇ ಅಭ್ಯಾಸವಾಗಿತ್ತು.

ಆ ವರ್ಷ ಡ್ರಾಯಿಂಗ್ ಮೇಡಂ ಮಕ್ಕಳಿಗೆ ಹೊಸದೊಂದು ಹುಚ್ಚು ಹಚ್ಚಿದರು. ಶಾಲೆಯ ಸುತ್ತಮುತ್ತ ಬೀದಿಗಳಲ್ಲಿ ದುಡಿಯುವವರ ಕೈಗಳ ಅಚ್ಚು ತೆಗೆದು, ಅದರಲ್ಲಿ ಪ್ಲಾಸ್ಟರ್ ಹೊಯ್ದು, ಬಂದ ಬಿಳಿ ಕೈಗಳನ್ನು ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ಕೂರಿಸಬೇಕು. ಆದರೆ ಸುಮ್ಮನೆ ಹೋಗಿ ಕೈ ಕೊಡಿ ಎಂದು ಕೇಳುವ ಹಾಗಿಲ್ಲ. ಯಾರ ಕೈ ಬೇಕೋ ಅವರ ಜೊತೆ ಕೆಲವು ದಿನ ಸಂಜೆ ಹೊತ್ತು ಕೂರಬೇಕು, ಅವರ ಕೆಲಸಕ್ಕೆ ಕೈ ಜೋಡಿಸಬೇಕು, ಅವರು ಹೇಳಿದ್ದನ್ನು ಕಿವಿಗೊಟ್ಟು ಕೇಳಬೇಕು. ಕೈ ಆಮೇಲೆ, ಮೊದಲು ಕಷ್ಟಸುಖ ಕೇಳಿ ಎನ್ನುತ್ತಿದ್ದರು ಮೇಡಂ. ಪ್ರಿನ್ಸಿಪಾಲರಿಗಂತೂ ಇದು ಬಹಳ ಹಿಡಿಸಿಬಿಟ್ಟಿತ್ತು. "ಮಕ್ಕಳ ಗುಣ ಕಟ್ಟುವ ಕಲೆ" ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ ಗೇಟಿಗೆ ಬ್ಯಾನರ್ ಕಟ್ಟಿಸಿದರು. ಗುಣ ಏನು ಗೋಡೆಯೇ, ಇಟ್ಟಿಗೆ ತಂದು ಕಟ್ಟಲಿಕ್ಕೆ ಎಂದು ಅವರನ್ನು ಕೇಳುವ ಧೈರ್ಯ ಯಾರಿಗಿದೆ ಹೇಳಿ.

ನಾಜೂಕಿ ಆರಿಸಿಕೊಂಡದ್ದು ಶಾಲೆಯ ಹಿಂದಿನ ಬೀದಿಯ ಟೈಲರ್ ಮಾಮನನ್ನು. ಶಾಲೆಯ ಅರ್ಧ ಮಕ್ಕಳ ಯೂನಿಫಾರ್ಮ್ ಹೊಲಿದವನು ಅವನೇ. ಎರಡು ಮಿಷನ್, ಒಂದು ಕತ್ತರಿಸುವ ಮೇಜು, ಗೋಡೆಗೆ ತಗುಲಿಸಿದ ಅರೆಬರೆ ಹೊಲಿದ ಅಂಗಿಗಳು, ಹಿಂದಿನ ಮೂಲೆಯಲ್ಲಿ ಗುಂಡಿಯ ಕಾಜ ಹೊಲಿಯುತ್ತ ಕೂರುವ ಹೆಂಡತಿ. ಅವನ ಅಂಗಡಿ ಎಂದರೆ ಅಷ್ಟೇ. ಅಳತೆ ತೆಗೆಯುವಾಗ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವ ಹುಡುಗರಿಗೆ, ಉಸಿರು ಬಿಡಪ್ಪ, ಪರೀಕ್ಷೆ ಮುಗಿಯೋ ತನಕ ಹೀಗೇ ನಿಂತಿರ್ತೀಯಾ ಎಂದು ತಮಾಷೆ ಮಾಡುತ್ತಿದ್ದ. ನಾಜೂಕಿ ಅಲ್ಲಿ ಕೂತು ಗುಂಡಿ ಹೊಲಿದಳು, ತಪ್ಪು ಹೊಲಿಗೆ ಬಿಚ್ಚಿದಳು, ಮಿಷನ್ನಿಗೆ ಎಣ್ಣೆ ಬಿಟ್ಟಳು. ಅವಳ ಗುಂಡಿಗಳನ್ನು ಕಂಡು, ಇನ್ನು ನಾನು ಮನೇಲಿ ಕೂತು ಟೀ ಕುಡೀಬಹುದು ಎಂದು ಮಾಮನ ಹೆಂಡತಿ ನಕ್ಕಿದ್ದಳು.

ಮಾಮನ ಬಲಗೈಯನ್ನು ನಾಜೂಕಿ ಮೊದಲ ದಿನವೇ ನೋಡಿಬಿಟ್ಟಿದ್ದಳು. ಕತ್ತರಿ ಹಿಡಿದು ಹಿಡಿದು ಹೆಬ್ಬೆರಳಿನ ಬುಡದಲ್ಲಿ ಬಿದ್ದ ತಗ್ಗು, ಆ ತಗ್ಗಿನ ಅಂಚಿಗೆ ಕಟ್ಟಿದ ಜಡ್ಡು, ಸೂಜಿ ಚುಚ್ಚಿ ಒರಟಾದ ತೋರುಬೆರಳಿನ ತುದಿ. ಸೂಜಿ ಹಿಡಿದಾಗ ಆ ಎರಡು ಬೆರಳೂ ಒಂದಕ್ಕೊಂದು ಮಾತಾಡಿಕೊಂಡು ಬಂದವರಂತೆ ಕೂಡುತ್ತಿದ್ದವು. ಆ ಕೈಯ ಮೇಲೆ ಅವಳಿಗೆ ಆಸೆ ಹುಟ್ಟಿತು. ಮನುಷ್ಯನ ಮೇಲೆ ಪ್ರೀತಿ ಇರಲಿಲ್ಲ ಎನ್ನುವಂತಿಲ್ಲ, ಇತ್ತು. ಆದರೆ ಆಸೆ ಇದ್ದದ್ದು ಕೈಯ ಮೇಲೆ.

ಅಚ್ಚು ತೆಗೆಯುವ ಕ್ರಮ ಹೀಗೆ. ಹಲ್ಲಿನ ಡಾಕ್ಟರು ಹಲ್ಲಿನ ಅಚ್ಚು ತೆಗೆಯಲು ಬಳಸುವ ಒಂದು ಪುಡಿ ಇದೆ. ಅದನ್ನು ನೀರಲ್ಲಿ ಕಲಸಿ ಬಕೆಟ್ಟಿಗೆ ಹಾಕಿ, ಅದರೊಳಗೆ ಕೈ ಇಟ್ಟರೆ ಸ್ವಲ್ಪ ಹೊತ್ತಿಗೆ ಅದು ರಬ್ಬರಿನ ಹಾಗೆ ಮೆತ್ತಗೆ ಹೆಪ್ಪುಗಟ್ಟುತ್ತದೆ. ಬೆರಳು ಅಲ್ಲಾಡಿಸುತ್ತ ಕೈ ಎಳೆದುಕೊಂಡರೆ ಒಳಗೆ ಕೈಯಾಕಾರದ ಪೊಳ್ಳು ಉಳಿಯುತ್ತದೆ, ಅದಕ್ಕೆ ಪ್ಲಾಸ್ಟರ್ ಹೊಯ್ಯುವುದು. ಪ್ಲಾಸ್ಟರಿನದು ಬೇರೆ ಗುಣ. ಗಟ್ಟಿಯಾಗುವಾಗ ಅದು ತಾನಾಗಿ ಕಾಯುತ್ತದೆ, ಕಾದು ಕಲ್ಲಾಗುತ್ತದೆ. ಜೀವ ಇರುವ ಕೈಯನ್ನು ಪ್ಲಾಸ್ಟರಿಗೆ ಎಂದೂ ಹಾಕಬಾರದು ಎಂದು ಮೇಡಂ ಮೊದಲ ದಿನವೇ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಹೇಳಿದ್ದರು. ಆ ದಿನ ಎದುರಿಗೇ ನಿಂತಿದ್ದವಳು ನಾಜೂಕಿ.

ಗೋಡೆಯ ಉದ್ಘಾಟನೆಗೆ ಮುಂಚಿನ ದಿನ ಪುಡಿ ಖಾಲಿಯಾಯಿತು. ಖಾಲಿ ಮಾಡಿದವಳೂ ಇವಳೇ. ಚಪ್ಪಲಿ ರಿಪೇರಿಯ ತಾತನ ಕೈಯ ಅಚ್ಚು ಚೆನ್ನಾಗಿಯೇ ಬಂದಿತ್ತು. ಒಂದು ಉಗುರಿನ ಮೇಲೆ ಗಾಳಿಗುಳ್ಳೆ ಕೂತಿದೆ ಎಂದು ಹಟ ಹಿಡಿದು, ಯಾರಿಗೂ ಹೇಳದೆ, ಆ ಮುದುಕನನ್ನು ಮತ್ತೆ ಕರೆಸಿ ಮತ್ತೊಮ್ಮೆ ತೆಗೆದಿದ್ದಳು. ಈಗ ಡಬ್ಬದ ತಳದಲ್ಲಿ ಇದ್ದದ್ದು ಒಂದು ಬೆರಳಿಗೂ ಸಾಲದು. ಬೆಳಿಗ್ಗೆಯೇ ಅದನ್ನು ನೋಡಿದ್ದಳು. ಮೇಡಂಗೆ ಹೇಳಿದರೆ ಯಾಕೆ ಖಾಲಿಯಾಯಿತು ಎಂಬ ಪ್ರಶ್ನೆ ಬರುತ್ತದೆ. ಹೇಳಲಿಲ್ಲ.

ಮಧ್ಯಾಹ್ನ ಟೈಲರ್ ಮಾಮ ಬಂದ. ಕೆಲಸ ತಲೆ ಮೇಲಿದ್ದರೂ ಅಂಗಡಿಗೆ ಪರದೆ ಎಳೆದು, ಮೊಳಕೈವರೆಗೆ ಸೋಪು ಹಾಕಿ ತೊಳೆದುಕೊಂಡು, ಮದುವೆ ಗಂಡಿನ ಹಾಗೆ ತಲೆ ಬಾಚಿಕೊಂಡು ಬಂದಿದ್ದ. ಕೈ ಕೊಟ್ಟು ಬರ್ತೀನಿ ಅಂದಿದ್ದಕ್ಕೆ, ವಾಪಸ್ ಕೊಡ್ತಾರೆ ತಾನೇ ಎಂದು ಹೆಂಡತಿ ಕೇಳಿದಳಂತೆ. ಅದನ್ನು ಹೇಳಿ ತಾನೇ ನಕ್ಕ. ನಾಜೂಕಿಯೂ ನಕ್ಕಳು, ಆದರೆ ಅವಳ ಕಣ್ಣು ಡಬ್ಬದ ಮೇಲಿತ್ತು. ಮೇಡಂ ಅಷ್ಟು ಹೊತ್ತಿಗೆ ಕೋಣೆಯಲ್ಲಿರಲಿಲ್ಲ. ನಾಳೆ ಯಾರು ಎಲ್ಲಿ ಕೂರಬೇಕು ಎಂದು ಮಾತಾಡಲು ಪ್ರಿನ್ಸಿಪಾಲರು ಕರೆಸಿಕೊಂಡಿದ್ದರು. ಹೊರಗೆ ಮೈದಾನದಲ್ಲಿ ಶಾಲೆಯ ಬ್ಯಾಂಡ್‌ನವರು ನಾಳೆಗಾಗಿ ಡ್ರಮ್ಮು ಬಾರಿಸಿ ಬಾರಿಸಿ ಕಿಟಕಿಯ ಗಾಜು ಅದುರಿಸುತ್ತಿದ್ದರು.

ಅವಳ ಜೊತೆಗಾರ ಡುಮ್ಮ ಎಂಬ ಹುಡುಗ. ಇಬ್ಬಿಬ್ಬರಂತೆ ಜೋಡಿ ಮಾಡಿದಾಗ ಇವಳ ಜೊತೆ ಯಾರೂ ಬರದೆ ಕೊನೆಗೆ ಇವಳ ಪಾಲಿಗೆ ಉಳಿದವನು ಅವನು. ಪುಡಿ ಇಲ್ಲ, ನೇರವಾಗಿ ಪ್ಲಾಸ್ಟರಿನಲ್ಲೇ ತೆಗೆದುಬಿಡೋಣ, ವ್ಯಾಸಲೀನ್ ದಪ್ಪಗೆ ಹಚ್ಚಿದರೆ ಜಾರಿ ಬರುತ್ತದೆ ಎಂದು ಅವಳು ಅವನ ಕಿವಿಯಲ್ಲಿ ಹೇಳಿದಾಗ ಅವನ ಮುಖ ಬಿಳುಚಿತು.

"ಮೇಡಂ ಬೇಡ ಅಂದಿದ್ರು ಕಣೇ."

"ಗೊತ್ತು. ನೀನು ಸ್ಟಾಫ್ ರೂಮಿಂದ ಬಿಸಿನೀರು ತಗೊಂಡ್ಬಾ. ಬೇಗ ಗಟ್ಟಿಯಾದ್ರೆ ಬೇಗ ತೆಗೀಬಹುದು."

ಅವಳು ಏನಾದರೂ ಹೇಳಿದರೆ ಇಲ್ಲ ಎಂದು ಹೇಳಿ ಡುಮ್ಮನಿಗೆ ರೂಢಿಯಿಲ್ಲ. ತಂದುಕೊಟ್ಟ. ಅವಳು ಅದರಲ್ಲಿ ಬಕೆಟ್ಟಿನ ತುಂಬ ಪ್ಲಾಸ್ಟರ್ ಕಲಸಿದಳು.

ಮಾಮನ ಕೈಗೆ ವ್ಯಾಸಲೀನ್ ಹಚ್ಚಿದಳು. ಇಲ್ಲೂ ಅವಳ ನಾಜೂಕು ನೋಡಿ. ದಪ್ಪಗೆ ಹಚ್ಚಿದರೆ ಆ ಜಡ್ಡು, ಆ ಚುಚ್ಚುಗಳು ಮುಚ್ಚಿಹೋಗುತ್ತವೆ ಎಂದು ಹೆಬ್ಬೆರಳಿಗೂ ತೋರುಬೆರಳಿಗೂ ಸವರಿದ ಹಾಗೆ ಮಾಡಿ ಬಿಟ್ಟಳು. ಸೂಜಿ ಹಿಡಿದ ಹಾಗೆ ಆ ಎರಡನ್ನೂ ಕೂಡಿಸಿ, ಉಳಿದ ಮೂರು ಬೆರಳನ್ನು ಬಿಡಿಸಿ, ಮಣಿಕಟ್ಟಿನವರೆಗೆ ಬಕೆಟ್ಟಿನೊಳಗೆ ಇಳಿಸಿದಳು. ನಾನು ಹೇಳುವವರೆಗೆ ಅಲ್ಲಾಡಬಾರದು ಎಂದಳು. ಅಳತೆ ತೆಗೆಯುವಾಗ ನೀನೆಷ್ಟು ಅಲ್ಲಾಡ್ತಿದ್ದೆ ಗೊತ್ತಾ ಎಂದು ಅವನು ಹಳೆಯದನ್ನು ಎತ್ತಿ ಛೇಡಿಸಿದ.

ಸ್ವಲ್ಪ ಹೊತ್ತಿಗೆ ಬೆಚ್ಚಗಾಗುತ್ತಿದೆ ಎಂದ. ಆಗಬೇಕು, ಅದು ಒಳ್ಳೆಯದೇ ಎಂದಳು. ಅಂಚಿನಲ್ಲಿ ಬೆರಳಿಟ್ಟು ನೋಡಿದಳು. ಇನ್ನೂ ಬೆಣ್ಣೆಯಷ್ಟು ಮೆತ್ತಗಿತ್ತು. ಈಗ ತೆಗೆಸಿದರೆ ಕೈ ಹೊರಬರುತ್ತದೆ, ಆದರೆ ಅಚ್ಚು ಕುಸಿದುಬೀಳುತ್ತದೆ. ಇನ್ನೊಂದು ಸ್ವಲ್ಪ ಹೊತ್ತು, ಅಷ್ಟೇ.

"ಬಿಸಿ ಆಗ್ತಿದೆ ಮಗಳೇ. ತೆಗೀಲಾ?"

ಹೊರಗೆ ಡ್ರಮ್ಮು ಜೋರಾಗಿತ್ತು. ನಾಜೂಕಿ ಕೇಳಿಸದವಳ ಹಾಗೆ ಬಗ್ಗಿ, ಬಕೆಟ್ಟಿನ ಅಂಚಿಗೆ ಚೆಲ್ಲಿದ್ದನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಮಾಮ ಇನ್ನೊಮ್ಮೆ ಕೇಳಿದ. ಅವಳು ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. ಅವನ ಹಣೆಯಲ್ಲಿ ಬೆವರು ಸಾಲುಗಟ್ಟಿದ್ದನ್ನು ಓರೆಗಣ್ಣಲ್ಲಿ ನೋಡಿದಳು ಸಹ. ಅಂಥ ಹೊತ್ತಿನಲ್ಲಿ ಒಂದು ಮಗುವಿನ ಮನಸ್ಸು ಅಷ್ಟು ಕಲ್ಲಾಗುತ್ತದೆಯೇ ಎಂದು ಕೇಳಬೇಡಿ. ಆಗುತ್ತದೆ. ದೊಡ್ಡವರದೂ ಆಗುತ್ತದೆ.

ಕೊನೆಗೆ ಅವನು ಕೇಳುವುದನ್ನು ಬಿಟ್ಟು ಕೈ ಎಳೆದ. ಕೈ ಬರಲಿಲ್ಲ, ಬಕೆಟ್ಟೇ ಮೇಲೆದ್ದು ಬಂತು. ಇನ್ನೊಂದು ಕೈಯಿಂದ ಬಕೆಟ್ಟನ್ನು ಒತ್ತಿ ಹಿಡಿದು ಎಳೆದ. ನಾಜೂಕಿ ಅಂಚಿಗೆ ಬೆರಳಿಟ್ಟಳು, ಸುಟ್ಟುಕೊಂಡವಳಂತೆ ಹಿಂದೆಗೆದಳು. ಮುಟ್ಟಿದ ತನಗೇ ಇಷ್ಟು ಬಿಸಿ, ಒಳಗೆ ಹೇಗಿರಬೇಡ. ಡುಮ್ಮ ಆಗಲೇ ಬಾಗಿಲು ದಾಟಿ ಓಡಿದ್ದ.

ಮೇಡಂ ಬಂದರು, ನೋಡಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಪ್ರಿನ್ಸಿಪಾಲರು ಆಂಬುಲೆನ್ಸಿಗೆ ಫೋನು ಮಾಡುತ್ತಿದ್ದರು, ಅದು ಯಾವುದೋ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡಿದೆ ಎಂಬ ಉತ್ತರ ಬರುತ್ತಿತ್ತು. ಮೇಡಂ ಕಾಯಲಿಲ್ಲ. ಕಟರಿನಿಂದ ಪ್ಲಾಸ್ಟಿಕ್ ಬಕೆಟ್ಟನ್ನು ಉದ್ದಕ್ಕೆ ಸೀಳಿ ಸುಲಿದರು. ಒಳಗಿನಿಂದ ಬಂದದ್ದು ಬಕೆಟ್ಟಿನ ಆಕಾರದ ಒಂದು ಬಿಳಿ ಕಲ್ಲು. ಆ ಕಲ್ಲಿನೊಳಗೆ ಮಣಿಕಟ್ಟಿನವರೆಗೆ ಮಾಮನ ಕೈ. ಡುಮ್ಮ ಕೊಡಗಟ್ಟಲೆ ತಣ್ಣೀರು ತಂದು ಸುರಿದ, ಕಲ್ಲಿನಿಂದ ಹಬೆ ಎದ್ದಿತು. ಸುತ್ತಿಗೆ ತರಲೇ ಎಂದು ವಾಚ್‌ಮನ್ ಕೇಳಿದ. ಸುತ್ತಿಗೆಯಲ್ಲಿ ಹೊಡೆದರೆ ಒಳಗಿನ ಬೆರಳೂ ಕಲ್ಲಿನ ಜೊತೆಗೇ ಮುರಿಯುತ್ತವೆ ಎಂದು ಮೇಡಂ ಗರಗಸ ಎತ್ತಿಕೊಂಡರು. ಎತ್ತಿಕೊಂಡವರು ಅಲ್ಲೇ ನಿಂತರು. ಎಲ್ಲಿ ಕೊಯ್ಯುವುದು? ಹೊರಗಿನಿಂದ ನೋಡಿದರೆ ಬೆರಳು ಎಲ್ಲಿದೆ, ಬರೀ ಪ್ಲಾಸ್ಟರ್ ಎಲ್ಲಿದೆ ಎಂದು ಯಾರಿಗೆ ಗೊತ್ತು?

"ಒಳಗೆ ಬೆರಳು ಹೇಗಿವೆ? ಸರಿಯಾಗಿ ಹೇಳು," ಎಂದರು.

ನಾಜೂಕಿ ಮಾತಾಡುವ ಬದಲು ಪೆನ್ಸಿಲ್ ತೆಗೆದುಕೊಂಡು ಆ ಕಲ್ಲಿನ ಮುಂದೆ ಮೊಣಕಾಲೂರಿದಳು. ಕಣ್ಣು ಮುಚ್ಚಿದಳು. ತಾನೇ ಕೂಡಿಸಿದ ಬೆರಳು, ತಾನೇ ಬಿಡಿಸಿದ ಬೆರಳು. ಒದ್ದೆ ಪ್ಲಾಸ್ಟರಿನ ಮೇಲೆ ಗೆರೆ ಎಳೆದಳು. ಇದು ಕಿರುಬೆರಳು, ಇಷ್ಟು ಆಳದಲ್ಲಿ. ಇದು ಉಂಗುರದ ಬೆರಳು, ಸ್ವಲ್ಪ ಒಳಬಾಗಿದೆ. ಇದು ಮಧ್ಯದ್ದು. ಇಲ್ಲಿ ಹೆಬ್ಬೆರಳು, ಇಲ್ಲಿ ತೋರುಬೆರಳು, ತುದಿಗೆ ತುದಿ. ಜನ್ಮದಲ್ಲಿ ಮೊದಲ ಸಲ ಅವಳು ಎಳೆದ ಗೆರೆಯನ್ನು ಅಳಿಸಲಿಲ್ಲ. ಅಳಿಸಲು ಹೊತ್ತಿರಲಿಲ್ಲ. ಒಂದು ಗೆರೆ ತಪ್ಪಿದ್ದರೆ ಗರಗಸ ಮಾಂಸಕ್ಕೆ ಹೋಗುತ್ತದೆ ಎಂದು ಗೊತ್ತಿದ್ದೂ ಪೆನ್ಸಿಲ್ಲನ್ನು ಕೆಳಗಿಟ್ಟಳು.

ಮೇಡಂ ಗೆರೆಗಳ ನಡುವೆ ಕೊಯ್ದರು. ಕೊಯ್ದ ಸೀಳಿಗೆ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದಾಗ ಕಿರುಬೆರಳಿನ ಕಡೆಯ ಚೂರು ಟಕ್ಕೆಂದು ಬಿಟ್ಟುಕೊಂಡಿತು. ಬೆರಳು ಕೆಂಪಗೆ ಬೆಂದಿತ್ತು, ಆದರೆ ಅಲ್ಲಾಡಿತು. ಮತ್ತೊಂದು ಚೂರು, ಮತ್ತೊಂದು ಬೆರಳು. ನಾಜೂಕಿ ಅವನ ಮೊಳಕೈಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದುಕೊಂಡಿದ್ದಳು. ಗರಗಸ ಹೋಗಿ ಬಂದಾಗಲೆಲ್ಲ ಅವನ ಮೈ ಬಿಲ್ಲಿನಂತೆ ಸೆಟೆದುಕೊಳ್ಳುತ್ತಿತ್ತು. ಅಂಥ ನೋವಿನಲ್ಲೂ ಅವನು, ನೀನು ಆ ಕಡೆ ನೋಡಮ್ಮ, ನೋಡಬೇಡ ಎನ್ನುತ್ತಿದ್ದ. ಅದನ್ನು ಕೇಳಿ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಹೆಬ್ಬೆರಳು ತೋರುಬೆರಳು ಕೂಡಿದ ಕಡೆ ಪ್ಲಾಸ್ಟರ್ ಎಲ್ಲಕ್ಕಿಂತ ದಪ್ಪವಾಗಿತ್ತು, ಎಲ್ಲಕ್ಕಿಂತ ಹೆಚ್ಚು ಕಾದಿದ್ದೂ ಅಲ್ಲೇ. ಆ ಚೂರು ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಆಂಬುಲೆನ್ಸಿನ ಸದ್ದು ಕೇಳಿಸಿತು. ಆ ಎರಡು ಬೆರಳು ಕೆಂಪಗಿರಲಿಲ್ಲ, ಬಿಳಿಚಿಕೊಂಡಿದ್ದವು. ಮೇಡಂ ಅದನ್ನು ನೋಡಿ ಮುಖ ಆಚೆ ತಿರುಗಿಸಿದರು. ಮಾಮ ಮಾತ್ರ, ಇವೆರಡು ಉರೀತಾನೇ ಇಲ್ಲ, ಇವು ಪರವಾಗಿಲ್ಲ ಎಂದ.

ಪರವಾಗಿಲ್ಲ ಎನ್ನುವಂತಿರಲಿಲ್ಲ. ಉರಿಯದ ಜಾಗವೇ ಆಳಕ್ಕೆ ಬೆಂದ ಜಾಗ ಎಂದು ಡಾಕ್ಟರು ಹೇಳಿದರು. ಮೂರು ಬೆರಳು ವಾಸಿಯಾಗುತ್ತವೆ. ಹೆಬ್ಬೆರಳೂ ತೋರುಬೆರಳೂ ಉಳಿಯಬಹುದು, ಆದರೆ ಮತ್ತೆ ಒಂದನ್ನೊಂದು ಮುಟ್ಟುತ್ತವೋ ಇಲ್ಲವೋ ಹೇಳಲಾಗದು ಎಂದರಂತೆ. ಸೂಜಿ ಹಿಡಿಯುವ ಮನುಷ್ಯನಿಗೆ ಇನ್ನೇನು ಉಳಿಯಿತು, ನೀವೇ ಹೇಳಿ.

ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಪ್ರಿನ್ಸಿಪಾಲರು ಇದೆಲ್ಲ ಹೇಗಾಯಿತು ಎಂದು ಕೇಳಿದ್ದರು. ಟೈಲರ್ ಮಾಮ, ಹುಡುಗರದೇನೂ ತಪ್ಪಿಲ್ಲ, ಅವರು ಇನ್ನೂ ಸಿದ್ಧ ಮಾಡಿಕೊಳ್ಳುತ್ತಿದ್ದರು, ನಾನೇ ಆತುರಪಟ್ಟು ಕಂಡ ಬಕೆಟ್ಟಿಗೆ ಕೈ ಹಾಕಿಬಿಟ್ಟೆ ಎಂದುಬಿಟ್ಟ. ಪ್ರಿನ್ಸಿಪಾಲರಿಗೆ ಹೋದ ಜೀವ ಬಂದಂತಾಯಿತು. ಉದ್ಘಾಟನೆಯನ್ನು ಮುಂದಕ್ಕೆ ಹಾಕಿದರು, ಮರುದಿನ ಬೆಳಿಗ್ಗೆಯ ಹೊತ್ತಿಗೆ ಶಾಲೆಯಲ್ಲೆಲ್ಲ ಅದೇ ಮಾತು. ಪಾಪ, ಟೈಲರ್ ಆತುರಗೇಡಿ. ಮೇಡಂ ಮಾತ್ರ, ನಾನು ಕೋಣೆ ಬಿಟ್ಟು ಹೋಗಬಾರದಿತ್ತು, ತಪ್ಪು ನನ್ನದು ಎಂದು ಆಡಳಿತ ಮಂಡಳಿಗೆ ಹೇಳಿಕೊಂಡಿದ್ದರು. ಮಂಡಳಿಯವರು ವಾರ ಬಿಟ್ಟು ಎಲ್ಲರನ್ನೂ ಕೂರಿಸಿ ಕೇಳುತ್ತೇವೆ, ಆಮೇಲೆ ನಿಮ್ಮ ಕೆಲಸದ ವಿಚಾರ ಎಂದಿದ್ದರು.

ಆ ವಾರ ನಾಜೂಕಿ ಅನ್ನ ಕಂಡರೆ ಮುಖ ತಿರುಗಿಸಿದಳು. ಮನೆಯಲ್ಲಿ ಅಮ್ಮನ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿದಳು, ಆ ಕೇಳಿಸದ ಹಾಗೆ ನಟಿಸಿದ್ದೊಂದನ್ನು ಬಿಟ್ಟು. ಅಮ್ಮ ಬಾಗಿಲು ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತಳು. ಅಮ್ಮನೂ ಕೆಟ್ಟವಳಲ್ಲ, ಮಗಳ ಮೇಲೆ ಜೀವ ಇಟ್ಟುಕೊಂಡವಳು. "ಅವರೇ ಹಾಗೆ ಹೇಳ್ತಿದ್ದಾರೆ. ದೊಡ್ಡ ಮನಸ್ಸು ಮಾಡಿ ಹೇಳಿದ್ದಾರೆ. ನೀನು ಬಾಯಿ ಬಿಟ್ಟು ಅವರ ಮಾತು ಹಾಳು ಮಾಡ್ಬೇಡ," ಎಂದಳು. ಕೇಳಲು ಎಷ್ಟು ಚೆನ್ನಾಗಿತ್ತು ಆ ಮಾತು. ಸುಮ್ಮನಿರುವುದೇ ಮಾಮನಿಗೆ ಕೊಡುವ ಮರ್ಯಾದೆ ಎಂಬಂತಿತ್ತು. ನಾಜೂಕಿ ಅದನ್ನು ನಂಬಲು ಬಹಳ ಪ್ರಯತ್ನಪಟ್ಟಳು.

ಶಾಲೆಯ ಕಾರಿಡಾರಿನಲ್ಲಿ ಮೇಡಂ ಒಮ್ಮೆ ಎದುರಾದರು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ನಿನಗೇನಾದರೂ ಹೇಳುವುದಿದೆಯಾ ಎಂದು ಮೆಲ್ಲಗೆ ಕೇಳಿದರು. ಇಲ್ಲ ಮೇಡಂ ಎಂದಳು. ಅವರು ತಲೆಯಾಡಿಸಿ ಹೋದರು. ಡುಮ್ಮನೂ ಬಾಯಿಗೆ ಬೀಗ ಹಾಕಿಕೊಂಡಿದ್ದ, ಇವಳು ತೆಗೆಯದೆ ಅವನು ತೆಗೆಯುವವನಲ್ಲ. ಗೇಟಿನ ಬ್ಯಾನರ್ ಹಾಗೇ ಇತ್ತು. ಅದರ ಕೆಳಗೆ ಹಾದು ಒಳಗೆ ಬರುವಾಗ ನಾಜೂಕಿ ತಲೆ ತಗ್ಗಿಸಿಕೊಂಡೇ ಬರುತ್ತಿದ್ದಳು.

ವಿಚಾರಣೆ ನಡೆದದ್ದು ಪ್ರಿನ್ಸಿಪಾಲರ ಕೋಣೆಯಲ್ಲಿ. ಉದ್ದದ ಮೇಜಿನ ಒಂದು ಕಡೆ ಪ್ರಿನ್ಸಿಪಾಲರು, ಮಂಡಳಿಯ ಯಜಮಾನರು. ಇನ್ನೊಂದು ಕಡೆ ಮೇಡಂ, ಅವರ ಪಕ್ಕದಲ್ಲಿ ಡುಮ್ಮ, ನಾಜೂಕಿ, ಅವಳ ಅಮ್ಮ. ಎದುರಿಗೆ ಟೈಲರ್ ಮಾಮ, ಅವನ ಹೆಂಡತಿ. ಮಾಮನ ಬಲಗೈ ಬ್ಯಾಂಡೇಜಿನೊಳಗೆ ದಪ್ಪಗಾಗಿ ಮೇಜಿನ ಮೇಲಿತ್ತು. ಎಡಗೈಯಲ್ಲಿ ಹಾಕಿಕೊಂಡ ಅಂಗಿಯ ಗುಂಡಿಗಳು ಒಂದು ಕಾಜ ಮೇಲೆ ಕೆಳಗಾಗಿದ್ದವು. ಅವನು ನಾಜೂಕಿಯನ್ನು ನೋಡಿ ಹೇಗಿದ್ದೀಯಮ್ಮ ಎಂದು ನಕ್ಕ.

ಪ್ರಿನ್ಸಿಪಾಲರು ಬಹಳ ಮೃದುವಾಗಿ ಮಾತಾಡಿದರು. ಆದದ್ದು ಆಗಿಹೋಯಿತು, ಯಾರ ಮೇಲೂ ಆರೋಪ ಬೇಡ, ತಾವು ಆ ದಿನ ಹೇಳಿದ್ದನ್ನು ಯಜಮಾನರ ಮುಂದೆ ಇನ್ನೊಮ್ಮೆ ಹೇಳಿಬಿಟ್ಟರೆ ಎಲ್ಲ ಇಲ್ಲಿಗೇ ಮುಗಿಯುತ್ತದೆ, ಮೇಡಮ್ಮಿಗೂ ತೊಂದರೆಯಿಲ್ಲ ಎಂದರು. ಮಾಮ ಹೇಳಿದ. ಪಾಠ ಒಪ್ಪಿಸುವ ಹಾಗೆ ಅದೇ ಮಾತು, ಅದೇ ಆತುರ. ಯಜಮಾನರು ಕನ್ನಡಕ ತೆಗೆದು ಒರೆಸುತ್ತ, ಇಷ್ಟು ವಯಸ್ಸಾದವರು ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಬಾರದಿತ್ತೇ, ನಮ್ಮ ಮಕ್ಕಳು ಎಷ್ಟು ಹೆದರಿದ್ದಾರೆ ನೋಡಿ ಎಂದರು. ಮಾಮ ಹೌದು ಸಾರ್ ಎಂದು ತಲೆಬಾಗಿಸಿದ.

ಆಗ ಅವನ ಹೆಂಡತಿ ಗಂಡನ ಕಡೆ ತಿರುಗಿದಳು. ವಾರದಿಂದ ತಡೆದುಕೊಂಡಿದ್ದು ಒಡೆದು ಬಂತು.

"ಒಂದು ನಿಮಿಷ ಕಾಯಕ್ಕಾಗ್ಲಿಲ್ಲ ಅಲ್ವಾ ನಿಮಗೆ. ಕೈ ತಿನ್ಕೊಂಡ್ರಿ, ಮನೆ ತಿನ್ಕೊಂಡ್ರಿ."

ಅವಳಿಗೂ ನಿಜ ಹೇಳಿಲ್ಲ! ನಾಜೂಕಿಗೆ ಇದು ಹೊಳೆದೇ ಇರಲಿಲ್ಲ. ಮನೆಯಲ್ಲಿ, ಮುಚ್ಚಿದ ಬಾಗಿಲ ಹಿಂದೆ, ಹೆಂಡತಿಯ ಹತ್ತಿರವಾದರೂ ಹೇಳಿರುತ್ತಾನೆ ಎಂದುಕೊಂಡಿದ್ದಳು. ಇಲ್ಲ. ಏಳೂ ದಿನ ಆ ನೋವಿನ ಮೇಲೆ ಈ ಬೈಗುಳ ತಿಂದುಕೊಂಡು ಕೂತಿದ್ದಾನೆ. ಈಗಲೂ ಸುಮ್ಮನೆ ಬೆರಳು ಕಾಣದ ಬ್ಯಾಂಡೇಜನ್ನು ನೋಡುತ್ತಿದ್ದಾನೆ. ಅಮ್ಮ ಹೇಳಿದ ಮರ್ಯಾದೆಯ ಮಾತು ಅವಳೊಳಗೆ ಒಂದೇ ಏಟಿಗೆ ಕುಸಿಯಿತು.

ಎದ್ದು ನಿಂತಳು. ಅಮ್ಮ ಲಂಗದ ಅಂಚು ಹಿಡಿದು ಕೆಳಗೆಳೆದಳು. ನಾಜೂಕಿ ಕೂರಲಿಲ್ಲ.

"ಮಾಮ ಆತುರಪಡಲಿಲ್ಲ. ಕೈ ಇಡಿಸಿದ್ದು ನಾನು."

ಶುರು ಮಾಡಿದ ಮೇಲೆ ನಿಲ್ಲಿಸಲಿಲ್ಲ. ತಾತನ ಅಚ್ಚನ್ನು ಎರಡು ಸಲ ತೆಗೆದದ್ದು, ಪುಡಿ ಮುಗಿದದ್ದು, ಮೇಡಂ ಬೇಡ ಎಂದದ್ದು ಗೊತ್ತಿದ್ದೂ ಪ್ಲಾಸ್ಟರ್ ಕಲಸಿದ್ದು, ಬಿಸಿನೀರು ತರಿಸಿದ್ದು, ವ್ಯಾಸಲೀನ್ ತೆಳ್ಳಗೆ ಸವರಿದ್ದು. ಎಲ್ಲ ಒಂದೊಂದಾಗಿ ಹೇಳಿದಳು. ಬಿಸಿನೀರು ತಂದಿದ್ದು ನಾನು ಎಂದು ಡುಮ್ಮ ಕೂತಲ್ಲಿಂದಲೇ ಹೇಳಿದ. ಮೇಡಂ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡರು. ಮಗು ಗಾಬರಿಯಲ್ಲಿ ಏನೇನೋ ಹೇಳುತ್ತಿದೆ ಎಂದು ಪ್ರಿನ್ಸಿಪಾಲರು ನಡುವೆ ಬಾಯಿ ಹಾಕಿದರು. ಯಜಮಾನರು ಅವರಿಗೆ ಸುಮ್ಮನಿರುವಂತೆ ಕೈಸನ್ನೆ ಮಾಡಿದರು.

ಆಗ ಟೈಲರ್ ಮಾಮನೇ ಅವಳ ಸಹಾಯಕ್ಕೆ ಬಂದ. ಎಂಥ ಮನುಷ್ಯ ನೋಡಿ.

"ಹೋಗ್ಲಿ ಬಿಡಿ ಸಾರ್. ಹುಡುಗರು, ತಿಳೀದೆ ಮಾಡಿದ್ದು. ಬಿಸಿ ಆಗ್ತಿದೆ ಅಂತ ನಾನೂ ಹೇಳ್ದೆ, ಆ ಡ್ರಮ್ಮಿನ ಗಲಾಟೇಲಿ ಪಾಪ ಅವಳಿಗೆ ಕೇಳಿಸ್ಲಿಲ್ಲ. ಕೇಳಿಸಿದ್ರೆ ತಕ್ಷಣ ತೆಗೆಸಿರ್ತಿದ್ಲು. ಅಂಥ ಮಗು ಅಲ್ಲ ಅದು."

ಕೋಣೆಯಲ್ಲಿ ಎಲ್ಲರೂ ಒಮ್ಮೆ ಉಸಿರು ಬಿಟ್ಟರು. ಅಮ್ಮನ ಕಣ್ಣಲ್ಲಿ ನೀರು ಬಂತು. ಯಜಮಾನರು ತಲೆಯಾಡಿಸಿದರು. ಇನ್ನು ಕೂತುಬಿಟ್ಟರೆ ಆಯಿತು. ತಪ್ಪು ಒಪ್ಪಿಕೊಂಡ ಹುಡುಗಿ ಎಂದು ನಾಲ್ಕು ಒಳ್ಳೆಯ ಮಾತೂ ಸಿಗುತ್ತಿತ್ತು. ಹೊಗಳಿಕೆಯ ರುಚಿ ಗೊತ್ತಿದ್ದವಳು ಅವಳು, ಅದು ಬರುವ ಹೆಜ್ಜೆ ಸಪ್ಪಳ ಅವಳಿಗೆ ಕೇಳಿಸುತ್ತಿತ್ತು. ಮಾಮ ವಾರದಿಂದ ತನ್ನನ್ನು ಕಾಪಾಡಿದ್ದು ಯಾಕೆಂದು ಈಗ ಅವಳಿಗೆ ಗೊತ್ತಾಯಿತು. ಅವನು ಕ್ಷಮಿಸಿದ್ದು ಕೇಳಿಸದೇ ಹೋದ ಒಬ್ಬ ಹುಡುಗಿಯನ್ನು. ಅಂಥ ಹುಡುಗಿ ಆ ದಿನ ಆ ಕೋಣೆಯಲ್ಲಿ ಇರಲೇ ಇಲ್ಲ.

"ಕೇಳಿಸಿತ್ತು ಮಾಮ."

ಅವನು ಅರ್ಥವಾಗದವನಂತೆ ನೋಡಿದ. "ಏನು?"

"ನೀವು ತೆಗೀಲಾ ಅಂದಿದ್ದು. ಎರಡು ಸಲಾನೂ ಕೇಳಿಸ್ತು. ತೆಗೆದ್ರೆ ಅಚ್ಚು ಕೆಡುತ್ತೆ ಅಂತ ಸುಮ್ನಿದ್ದೆ."

ಅಮ್ಮನ ಕೈ ಅವಳ ಲಂಗವನ್ನು ಬಿಟ್ಟಿತು. ಟೈಲರ್ ಮಾಮ ಅವಳ ಮುಖ ನೋಡಿದ. ವಾರದಿಂದ ಅವನ ಮುಖದಲ್ಲಿ ಇದ್ದ ನಗು ಅಲ್ಲಿಗೆ ಹೋಯಿತು. ಬೈಯುತ್ತಾನೆ ಎಂದು ಅವಳು ಕಾದಳು. ಬೈಗುಳ ಬರಲಿ ಎಂದು ಬೇಡಿಕೊಂಡಳು. ಅವನು ಅವಳಿಗೆ ಏನೂ ಹೇಳದೆ ಯಜಮಾನರ ಕಡೆ ತಿರುಗಿದ.

"ಸಾರ್, ನಾನು ಮೊದಲು ಹೇಳಿದ್ದನ್ನ ವಾಪಸ್ ತಗೋತೀನಿ. ನಾನು ಆತುರಪಟ್ಟಿಲ್ಲ. ಈ ಹುಡುಗಿ ಹೇಳಿದ್ದೇ ನಿಜ."

ಅವನ ಹೆಂಡತಿ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು. ಮೇಲೆ ಕೆಳಗಾಗಿದ್ದ ಅವನ ಅಂಗಿಯ ಗುಂಡಿಯನ್ನು ಬಿಚ್ಚಿ ಸರಿಯಾಗಿ ಹಾಕತೊಡಗಿದಳು. ಗುಂಡಿ ಕಾಜದೊಳಗೆ ಹೋಗಲಿಲ್ಲ. ಹಾಗೇ ಅದನ್ನು ಹಿಡಿದುಕೊಂಡು, ಆಸ್ಪತ್ರೆಯಲ್ಲಾಗಲಿ ಮನೆಯಲ್ಲಾಗಲಿ ಒಮ್ಮೆಯೂ ಕೇಳದಿದ್ದುದನ್ನು ಈಗ ಕೇಳಿದಳು.

"ತುಂಬಾ ಉರೀತಾ?"

"ಹೂಂ ಕಣೇ," ಎಂದ ಅವನು. "ತುಂಬಾ ಉರೀತು." ಅಷ್ಟು ಹೇಳಿ, ಅಷ್ಟು ಜನರ ಮುಂದೆ, ಬಿಕ್ಕಿ ಬಿಕ್ಕಿ ಅತ್ತ.

ನಾಜೂಕಿ ನಿಂತೇ ಇದ್ದಳು. ಕೂತುಕೋ ಎಂದು ಅವಳಿಗೆ ಯಾರೂ ಹೇಳಲಿಲ್ಲ.